ವಾಲ್ವಿಗೆ ಬಳಿದ ಗ್ರೀಸು

ಬಂಗಾರಪೇಟೆ
೧೮-೭-೧೯೬೧

ಹೆಸರು ಹಿಡಿದು ಕರೆಯಬಾರದ ನಮ್ಮ ಮನೆಯವರಿಗೆ, ಅನಸೂಯಳ ನಮಸ್ಕಾರಗಳು.

ಕೆಮ್ಮು ಹೇಗಿದೆ? ಸ್ಯಾನಿಟೋರಿಯಂ ಗಂಜಿ ಗಂಟಲಲ್ಲಿ ಇಳಿಯುತ್ತಿದೆಯೇ? ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದನ್ನು ಪಾಲಿಸುತ್ತಿದ್ದೀರಿ ತಾನೆ? ಪಕ್ಕದ ಮಂಚದವರಿಗೆಲ್ಲ ನೀರು ಹೊತ್ತು ಕೊಡುವ ಪರೋಪಕಾರ ಸದ್ಯಕ್ಕೆ ಬೇಡ. ಇಲ್ಲಿ ನಾನು ಕ್ಷೇಮ, ನನ್ನ ಸ್ಕೂಲು ಕ್ಷೇಮ. ನಮ್ಮ ಬಸ್ಸು ಮಾತ್ರ ಎದೆ ಬಿಚ್ಚಿಕೊಂಡು ಊರಿಗಾಂನ ಮೆಕ್ಯಾನಿಕ್ ಸೊಣ್ಣಪ್ಪನ ಷೆಡ್ಡಿನಲ್ಲಿ ಕೂತಿದೆ.

ಬೇತಮಂಗಲದ ಏರಿನಲ್ಲಿ ಅದು ಉಸಿರು ಕಟ್ಟಿ ನಿಂತ ದಿನವೇ ನಿಮ್ಮ ಅಣ್ಣ, "ಸತ್ತ ಗಾಡಿ, ಬಂದಷ್ಟಕ್ಕೆ ಮಾರಿಬಿಡಮ್ಮ" ಎಂದರು. ನೀವು ಬಂದು ಸ್ಟೀರಿಂಗ್ ಹಿಡಿಯುವವರೆಗೂ ಮಾರಾಟಕ್ಕಿಲ್ಲ ಎಂದೆ. ಆಮೇಲೆ ಭಾವನವರು ಯಾಕೋ ಮೆತ್ತಗಾಗಿ, ಇಂಜಿನ್ ಬಿಚ್ಚಿಸುವ ಹೊಣೆ ತಾವೇ ಹೊತ್ತರು. ನಾನು ಖುಷಿಪಟ್ಟೆ. ಬಿ.ಎ. ಓದಿದವರು ಬೇಗ ಖುಷಿಪಡುತ್ತಾರೆ.

ನಿನ್ನೆ ಇಂಜಿನ್ ಮೇಲೆ ಮತ್ತೆ ಹೆಡ್ ಕೂರಿಸುವ ಪೂಜೆಗೆಂದು ನಿಂಬೆಹಣ್ಣು, ತೆಂಗಿನಕಾಯಿ ಹಿಡಿದು ಹೋದೆ. ಕಾಯಿ ಒಡೆಯುವ ಮೊದಲು ಸೀಮೆಎಣ್ಣೆ ಹುಯ್ದು ತೋರಿಸು ಎಂದೆ ಸೊಣ್ಣಪ್ಪನಿಗೆ. ನಮ್ಮ ಅಂಗಳದಲ್ಲಿ ನೀವು ಹೆಡ್ಡನ್ನು ಮಗುಚಿ ಎಣ್ಣೆ ತುಂಬುತ್ತಿದ್ದಾಗ ಜಗಲಿಯಲ್ಲಿ ಮಕ್ಕಳ ಪ್ರಬಂಧ ತಿದ್ದುತ್ತಾ ನೋಡಿದವಳಲ್ಲವೇ ನಾನು? ವಾಲ್ವು ತನ್ನ ಸೀಟಿನಲ್ಲಿ ಸರಿಯಾಗಿ ಕೂತಿದ್ದರೆ ಎಣ್ಣೆ ಕೆಳಗೆ ಸೋರಬಾರದು. ಸೊಣ್ಣಪ್ಪ ಹುಯ್ದ. ಒಂದು ಹನಿಯೂ ಇಳಿಯಲಿಲ್ಲ. "ನೋಡಮ್ಮೋ ಟೀಚರಮ್ಮ, ನೂರಕ್ಕೆ ನೂರು ಆಕು" ಎಂದ. ಒಂದೂ ತಪ್ಪಿಲ್ಲದ ಉತ್ತರ ಕಂಡರೆ ನನಗೆ ಪಕ್ಕದ ಬೆಂಚಿನ ಮೇಲೆ ಅನುಮಾನ. ಎಣ್ಣೆ ಚೆಲ್ಲಿಸಿ ವಾಲ್ವಿನ ಅಂಚಿಗೆ ಬೆರಳು ಹಾಕಿದೆ. ಗ್ರೀಸು! ಹೋಳಿಗೆಗೆ ತುಪ್ಪ ಸವರಿದ ಹಾಗೆ ಸುತ್ತಲೂ ಸವರಿದ್ದ.

ಸ್ಪ್ರಿಂಗ್ ಬಿಚ್ಚಿಸಿದೆ, ಎಲ್ಲ ಒರೆಸಿಸಿದೆ. ತಿದ್ದುವ ನೀಲಿ ಪೆನ್ಸಿಲಿನಲ್ಲಿ ಪ್ರತಿ ವಾಲ್ವಿನ ಅಂಚಿನ ಸುತ್ತಲೂ ಅಡ್ಡಗೆರೆ ಎಳೆದು, ಸೀಟಿನ ಮೇಲಿಟ್ಟು ತಿರುಗಿಸಿದೆ, ನೀವು ಮಾಡುವಂತೆಯೇ. ಸುತ್ತಲೂ ಗೆರೆ ಅಳಿಯಬೇಕಿತ್ತು. ಒಂದು ವಾಲ್ವಿನಲ್ಲಿ ಅರ್ಧ ಭಾಗ ಹಾಗೇ ಉಳಿದಿತ್ತು. ಅಲ್ಲಿ ಅದು ಸೀಟನ್ನು ಮುಟ್ಟುತ್ತಲೇ ಇಲ್ಲ. "ಓಡ್ತಾ ಓಡ್ತಾ ಅದೇ ಕೂತ್ಕತದೆ ಬುಡಮ್ಮ" ಎಂದ ಸೊಣ್ಣಪ್ಪ. ನಾನು ಬಿಡುವವಳೇ?

ಗ್ರೀಸು ಬಳಿದರೆ ಸೋರಿಕೆ ನಿಂತೀತು,
ಏರು ಬಂದರೆ ಬಸ್ಸೇ ಕುಂತೀತು!

ಪ್ರಾಸಕ್ಕೆ ನಕ್ಕ, ನಕ್ಕ ಬಾಯಲ್ಲೇ ನಿಜವೂ ಬಿತ್ತು: "ಮಾರೋ ಗಾಡಿಗೆ ಇಷ್ಟು ಸಾಕು ಅಂತ ನಿಮ್ಮ ಭಾವನೋರೇ ಏಳಿದ್ರಲ್ಲಮ್ಮ!"

ಕಾಯಿ ಒಡೆಯದೆ ವಾಪಸು ತಂದೆ. ಹೊಸ ವಾಲ್ವು ಹಾಕಿ, ಸೀಟು ತಿಕ್ಕಿ, ಗ್ರೀಸಿಲ್ಲದೆ ಎಣ್ಣೆ ನಿಲ್ಲಿಸಿ ತೋರಿಸುವವರೆಗೆ ಹೆಡ್ ಮೇಲೇರುವ ಹಾಗಿಲ್ಲ. ಏರಿಸಲೂ ಆಗದು; ಅದರ ನಟ್ಟುಗಳೆಲ್ಲ ನನ್ನ ಊಟದ ಡಬ್ಬಿಯಲ್ಲಿವೆ. ಚಿತ್ರಾನ್ನ ಬಾಳೆಲೆಗೆ ವರ್ಗವಾಗಿದೆ. ಸಂಜೆ ಭಾವನವರು ಬಂದು, "ಹೆಂಗಸರಿಗೆ ಯಾಕಮ್ಮ ಇಂಜಿನ್ ಉಸಾಬರಿ?" ಎಂದರು. "ನಿಮ್ಮ ತಮ್ಮನ ಎದೆಗೂ ಡಾಕ್ಟರು ಹೀಗೇ ಗ್ರೀಸು ಬಳಿದು ಕಳಿಸಿದರೆ ಒಪ್ಪುತ್ತೀರಾ?" ಎಂದೆ. ಕಾಫಿ ಮುಟ್ಟದೆ ಹೋದರು. ನಾನೇ ಕುಡಿದೆ, ಚೆನ್ನಾಗಿತ್ತು.

ಹಾಲು ತಪ್ಪದೆ ಕುಡಿಯಿರಿ. ಅಲ್ಲಿನ ನರ್ಸಮ್ಮನಿಗೂ ನನ್ನ ನಮಸ್ಕಾರ ತಿಳಿಸಿ.

ಮನೆಯನ್ನೂ ನಟ್ಟುಗಳನ್ನೂ ಕಾಯುತ್ತಿರುವ,
ಅನಸೂಯ

ಮರೆತಿದ್ದೆ: ಭಾನುವಾರ ಭಾವನವರು ಹಣ್ಣು ಹಿಡಿದು ನಿಮ್ಮನ್ನು ನೋಡಲು ಬರುತ್ತಾರೆ. ಹಣ್ಣಿನ ಜೊತೆ ಬಸ್ಸು ಮಾರುವ ಕಾಗದವೂ ಬರುತ್ತದೆ. ಗಾಡಿ ನಿಮ್ಮ ಹೆಸರಿನದು, ನಿಮ್ಮ ಸಹಿ ಇಲ್ಲದೆ ಕದಲದು. ಹಣ್ಣು ತಿನ್ನಿ. ಪೆನ್ನು ಚಾಚಿದರೆ ಮಾತ್ರ, ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದಾರೆ ಎನ್ನಿ.