ರಿಂಗಿನ ಕೆಳಗೆ ನಿಂತವನು

ವಿಜಯಪುರ
14-8-1974

ಚಿ. ಸೌ. ಅನುಸೂಯಳಿಗೆ,

ಅನುಗೊಂಡನಹಳ್ಳಿಯಲ್ಲಿ ನಿನ್ನ ತವರಿನವರೆಲ್ಲ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಹೈಸ್ಕೂಲು ಮುಗಿಯುವವರೆಗೆ ನಮ್ಮ ಮುನಿರತ್ನ ನನ್ನ ಹತ್ತಿರವಿರಲೆಂದು ಒಪ್ಪಿದಾಗ ನೀನು ಕೇಳಿದ್ದು ಒಂದೇ, ಮಗಳ ಕೈಗೆ ಚೆಂಡು ಕೊಡಬೇಡಿ ಎಂದು. ನಾನು ಕೊಡಲಿಲ್ಲ, ಅವಳೇ ತೆಗೆದುಕೊಂಡಳು. ಎರಡು ವರ್ಷದಿಂದ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಾಳೆ. ನಿನಗೆ ತಿಳಿಸಲಿಲ್ಲ.

ಭಾನುವಾರ ದೊಡ್ಡಬಳ್ಳಾಪುರದಲ್ಲಿ ಶಾಲೆಗಳ ಫೈನಲ್ ಇತ್ತು. ರಿಂಗಿಗೆ ಬೆನ್ನು ಕೊಟ್ಟು ನಿಂತು, ಚೆಂಡು ಬಂದೊಡನೆ ಬಲಕ್ಕೆ ವಾಲಿದಂತೆ ಮಾಡಿ ಎಡಕ್ಕೆ ತಿರುಗಿ ಹಾಕಿದಳು. ಅದು ನಾನು ಆಡುತ್ತಿದ್ದಾಗಿನ ನನ್ನ ತಿರುವು. ನಾನು ಕಲಿಸಿದ್ದಲ್ಲ. ಜನ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನನಗೆ ಸಂತೋಷಕ್ಕಿಂತ ಆಯಾಸವೇ ಹೆಚ್ಚಾಯಿತು.

ರೇಷ್ಮೆ ಹುರಿ ಮಾಡುವವರ ಮನೆಯ ನನಗೆ ಬೆಂಗಳೂರಿನ ಕಾರ್ಖಾನೆಯಲ್ಲಿ, ಅದರ ತಂಡಕ್ಕೆ ಆಡಲೆಂದು, ಕೆಲಸ ಸಿಕ್ಕಿದ್ದು ಆ ತಿರುವಿನಿಂದಲೇ. ಏಳು ವರ್ಷ ಮೊಣಕೈ ಏಟು ತಿಂದರೂ ರಿಂಗಿನ ಕೆಳಗಿನ ಆ ಜಾಗ ಬಿಟ್ಟುಕೊಡಲಿಲ್ಲ. ಅರವತ್ತೆಂಟರ ಫೈನಲ್ಲಿನ ಮೂವತ್ತೆರಡು ಅಂಕ ಈಗಲೂ ಜನರ ಬಾಯಲ್ಲಿದೆ. ಆ ಬೆಳಿಗ್ಗೆ ಮಂಡಿ ಊದಿದ್ದು ಕಂಡು ನೀನು ಕೇಳಿದೆ. ನೋವಿಲ್ಲ ಎಂದೆ. ನಿಲ್ಲಲೂ ಆಗುತ್ತಿರಲಿಲ್ಲ, ಅನುಸೂಯ. ಒಂದು ಅಂಕದಲ್ಲಿ ಗೆದ್ದೆವು. ನಾನು ಮತ್ತೆ ಓಡಲಿಲ್ಲ. ಆಮೇಲೆ ಕುಡಿದೆ, ನಿನ್ನ ಮೇಲೆ ಹಾರಾಡಿದೆ, ಎದುರು ತಂಡದವರು ಮಂಡಿ ಮುರಿದರೆಂದು ಹೇಳಿಕೊಂಡು ತಿರುಗಿದೆ. ಮುರಿದುಕೊಂಡವನು ನಾನೇ.

ಭಾನುವಾರ ಅರ್ಧ ಆಟವಾದಾಗ ಮುನಿರತ್ನ ಕುಂಟುತ್ತ ಬಂದಳು. ಏನಾಯಿತೆಂದು ಕೇಳಿದೆ.

"ನೋವೇನಿಲ್ಲ ಕಣಪ್ಪ" ಅಂದಳು.

ಅವಳ ಮುಖ ನೋಡದೆ, ಇನ್ನು ಇವಳನ್ನು ಇಳಿಸಬೇಡಿ ಎಂದು ಪಿ.ಟಿ. ಮೇಷ್ಟ್ರು ಪಿಳ್ಳಣ್ಣನವರಿಗೆ ಹೇಳಿಬಿಟ್ಟೆ. ನಾಲ್ಕು ಅಂಕದಲ್ಲಿ ಸೋತರು.

"ನಿನ್ನ ಹೆಸ್ರು ಉಳ್ಸೋ ಮಗಳನ್ನ ನೀನೇ ಕೂರಿಸ್ಬಿಟ್ಟೆಯಲ್ಲಪ್ಪಾ" ಎಂದರು ಮೇಷ್ಟ್ರು.

ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ಮೂರು ದಿನದಿಂದ ಮುದ್ದೆ ಬಡಿಸಿ, ತಟ್ಟೆ ಇಟ್ಟು ಹೋಗುತ್ತಾಳೆ.

ನೀನು ಒಮ್ಮೆ ಬಾ. ನನಗಾಗಿ ಅಲ್ಲ. ಅವಳು ಆಡಬೇಕೋ ಬೇಡವೋ ನೀನೇ ಹೇಳು. ತೀರ್ಮಾನ ಮಾಡುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ.

ಇಂತಿ,
ಮುನಿರತ್ನಳ ತಂದೆ
ರಾಮಾಂಜಿನಪ್ಪ

ಮ.ವಿ.: ನಿನ್ನೆ ಡಾಕ್ಟರಿಗೆ ತೋರಿಸಿದೆ. ಸಣ್ಣ ಉಳುಕು, ಆಡಿದ್ದರೂ ಏನೂ ಆಗುತ್ತಿರಲಿಲ್ಲವಂತೆ. ಅವಳು ಹೊರಗೆ ಬೆಂಚಿನ ಮೇಲಿದ್ದಳು. ಇನ್ನು ಚೆಂಡು ಮುಟ್ಟಬಾರದಂತೆ ಎಂದು ಅವಳಿಗೆ ಹೇಳಿ ಮನೆಗೆ ಕರೆದುಕೊಂಡು ಬಂದೆ.