ಇಶಾಗೊಂದು ಕೋವಿ

ಸೆಪ್ಟೆಂಬರ್ 9, 2023. ಶನಿವಾರ

ಬೆಳಿಗ್ಗೆ ಗರಾಜಿನಲ್ಲಿ ಕೂತು ಹಳೆಯ ಡಬಲ್ ಬ್ಯಾರಲ್ ಕೋವಿ ಬಿಚ್ಚಿ ಎಣ್ಣೆ ಹಾಕುತ್ತಿದ್ದೆ. ಬೇಟೆಯ ಸೀಸನ್ ಶುರು. ಗರಾಜಿನ ಫ್ರಿಜ್‌ನಿಂದ ಸೋಡಾ ತೆಗೆಯಲು ಬಂದ ಇಶಾ ಹಾಗೇ ನಿಂತಳು. ಸುಶೀಲಾಳ ಮಗಳು. ನಮ್ಮ ಮದುವೆಯಾಗಿ ಹದಿನಾಲ್ಕು ತಿಂಗಳು — ಸುಶೀಲಾಗೂ ಎರಡನೆಯದು, ನನಗೂ ಎರಡನೆಯದು — ಅಷ್ಟರಲ್ಲಿ ಈ ಹುಡುಗಿ ನನಗೆ ಹೇಳಿದ್ದು ಹೆಚ್ಚಾಗಿ ‘ಓಕೆ’, ಇಲ್ಲವೇ ‘ಇಟ್ಸ್ ಫೈನ್’.

ಇವತ್ತು ತಾನಾಗಿ ಕೇಳಿದಳು. ಹೊಡೆದ ಹಕ್ಕಿ ತಿನ್ನುತ್ತೀರೋ, ಸುಮ್ಮನೆ ಹೊಡೆಯುವುದೋ ಎಂದು. ತಿನ್ನುತ್ತೇವೆ ಅಂದೆ. ಕ್ವೇಲ್ ಅಂದರೆ ನಮ್ಮ ಕಡೆಯ ಲಾವಕ್ಕಿಯ ನೆಂಟರು, ಕಾಳುಮೆಣಸು ಹಾಕಿ ಸುಕ್ಕ ಮಾಡಿದರೆ ಕೋಳಿ ಯಾವ ಲೆಕ್ಕ.

“ಯತೀಶ್ ಅಂಕಲ್, ಕ್ಯಾನ್ ಐ ಕಮ್? ಒಂದ್ಸಲ?”

ಅಮ್ಮನನ್ನು ಕೇಳಬೇಕು ಅಂದೆ. ಎಣ್ಣೆ ಎಲ್ಲಿವರೆಗೆ ಹಾಕಿದ್ದೆ ಎಂಬುದು ಮರೆತು ಮತ್ತೆ ಮೊದಲಿನಿಂದ ಒರೆಸಿದೆ.

ಸೆಪ್ಟೆಂಬರ್ 10

ಸುಶೀಲಾ ಮೊದಲು ಸುತಾರಾಂ ಬೇಡ ಅಂದಳು. ಆಮೇಲೆ ಪಾತ್ರೆ ತೊಳೆಯುತ್ತ ಬೇರೆಯೇ ಸುದ್ದಿ ಹೇಳಿದಳು. ಇಶಾಳ ಅಪ್ಪ ಪ್ರಭಾಕರ ಫೋನ್ ಮಾಡಿದ್ದಾನೆ. ಅಟ್ಲಾಂಟಾ ಹತ್ತಿರ ಲಾರೆನ್ಸ್‌ವಿಲ್‌ನಲ್ಲಿ ಮನೆ ತಗೊಂಡಿದ್ದಾನೆ, ಇಶಾಗೆ ಒಂದು ರೂಮು ಇಟ್ಟಿದ್ದಾನೆ. ಜನವರಿಯಿಂದ ಅಲ್ಲೇ ಇದ್ದು ಹೈಸ್ಕೂಲ್ ಮುಗಿಸಲಿ ಎನ್ನುತ್ತಾನೆ. ಹದಿನಾರಾಯಿತು, ಅವಳೇ ಡಿಸೈಡ್ ಮಾಡಲಿ, ಕ್ರಿಸ್‌ಮಸ್ ಒಳಗೆ ಹೇಳಲಿ ಎಂದು ಇಬ್ಬರೂ ಒಪ್ಪಿದ್ದಾರೆ. ಒಪ್ಪಿದ್ದು ನಿನ್ನೆ. ಅಳು ಇವತ್ತು.

“ಈ ಮನೇಲಿ ಅವಳಾಗೇ ಏನಾದ್ರೂ ಬೇಕು ಅಂದಿದ್ದು ಇದೇ ಫಸ್ಟು. ಕರ್ಕೊಂಡು ಹೋಗಿ. ಆದ್ರೆ ಗನ್ ಸೇಫ್ ಕೀ ನನ್ನ ಹತ್ರ ಇರ್ಬೇಕು.”

ಈ ವಿಷಯದಲ್ಲಿ ನನಗೆ ಓಟಿಲ್ಲ. ಇಲ್ಲಿ ಮಾತ್ರ ಬರೆಯುತ್ತೇನೆ: ಅವಳು ಹೋಗಬಾರದು. ಮೇಲಿನ ಅವಳ ರೂಮಿನ ಬಾಗಿಲು ಸದಾ ಮುಚ್ಚಿರುತ್ತದೆ, ನಿಜ. ಒಳಗೆ ಒಬ್ಬರಿದ್ದಾರೆ ಅನ್ನುವುದೇ ಬೇರೆ.

ಸೆಪ್ಟೆಂಬರ್ 23

ಎರಡು ವಾರ ಬರೀ ಓದಿದ್ದು. ಫೋರಮ್, ವಿಡಿಯೊ, ಕೆಟಲಾಗ್. ಕೆಲಸದಲ್ಲಿ ಎರಡು ಸ್ಕ್ಯಾನಿನ ನಡುವೆಯೂ ಅದೇ. ತೀರ್ಮಾನ: ಸೆಮಿ ಆಟೋಮ್ಯಾಟಿಕ್, ಇಪ್ಪತ್ತು ಗೇಜ್, ಅಂದರೆ ನನ್ನದಕ್ಕಿಂತ ಸಣ್ಣ ನಳಿಗೆ, ಗ್ಯಾಸ್ ಗನ್. ಹೊಡೆದಾಗಿನ ಒದೆತವನ್ನು ಅರ್ಧ ಅದೇ ನುಂಗುತ್ತದೆ. ನನ್ನ ಹನ್ನೆರಡು ಗೇಜಿನ ಡಬಲ್ ಬ್ಯಾರಲ್ ಕೊಟ್ಟರೆ ಹುಡುಗಿಯ ಭುಜ ನೀಲಿಯಾಗುತ್ತದೆ, ಎರಡನೇ ಸಲ ಬರುವುದಿಲ್ಲ. ಹೊಸಬರಿಗೆ ಡಬಲ್ಲೇ ಸೇಫ್, ಬಿಚ್ಚಿದರೆ ಖಾಲಿಯೋ ಅಲ್ಲವೋ ಎಲ್ಲರಿಗೂ ಕಾಣುತ್ತದೆ ಎಂದು ಕಲ್ಪೆಪರ್ ಕಡೆ ದುಡ್ಡು ಕೊಟ್ಟು ಹಕ್ಕಿ ಹೊಡೆಯುವ ಪ್ರಿಸರ್ವ್‌ನ ಗೈಡ್ ವಾದಿಸಿದ. ಒಂದು ಸಲಕ್ಕೆ ಒಂದೇ ತೋಟೆ ತುಂಬಿಸುತ್ತೇನೆ ಅಂದೆ. ಆಗ ಒಪ್ಪಿದ.

ಹಿಡಿ ಎಷ್ಟು ಉದ್ದ ಬೇಕು? ಕೇಳಿದರೆ ಸರ್‌ಪ್ರೈಸ್ ಹಾಳು. ರಾತ್ರಿ ಊಟಕ್ಕೆ ಕೂತಾಗ ಅವಳ ಮೊಣಕೈಯಿಂದ ಬೆರಳಿನವರೆಗೆ ಕಣ್ಣಲ್ಲೇ ಅಳೆದೆ. ಅನ್ನಕ್ಕೆ ಸಾರು ಕಲಸುತ್ತಿದ್ದಳು, ಕೈ ಚೆನ್ನಾಗಿ ಕಾಣುತ್ತಿತ್ತು. ದಿನವಿಡೀ ಪರದೆಯ ಮೇಲೆ ಮಿಲಿಮೀಟರ್ ಅಳೆಯುವ ರೇಡಿಯಾಲಜಿಸ್ಟ್ ನಾನು, ತಪ್ಪಲಾರದು.

ಸೆಪ್ಟೆಂಬರ್ 30

ಕೋವಿ ಕೊಂಡು ತಂದೆ. ಇಟಲಿಯದು, ಇಪ್ಪತ್ತಾರು ಇಂಚಿನ ನಳಿಗೆ, ಗಿಡ್ಡ ಹಿಡಿ. ಎತ್ತಿದರೆ ಕೊಡೆಯಷ್ಟೇ ಭಾರ ಅನ್ನಿಸುತ್ತದೆ. ಬಲಗೈಯೋ ಎಡಗೈಯೋ ಎಂದು ಅಂಗಡಿಯವನು ಕೇಳಿದ. ಬಲಗೈ ಅಂದೆ.

ಐದು ಚೋಕ್ ಬಂದಿವೆ. ಇಶಾಗೆ ತೋರಿಸಿ ಹೇಳಿಕೊಟ್ಟೆ: ಇದು ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸುವ ಬೆರಳುದ್ದದ ಕೊಳವೆ. ಬಾಯಿ ಕಿರಿದಾದರೆ ಚರೆಗಳೆಲ್ಲ ಒಟ್ಟಾಗಿ ದೂರ ಹೋಗುತ್ತವೆ, ಅಗಲವಾದರೆ ಹತ್ತಿರದಲ್ಲೇ ಹರಡುತ್ತವೆ. ದೂರದಲ್ಲಿ ಹಾರುವ ಫೆಸೆಂಟ್ ಹಕ್ಕಿಗೆ ಕಿರಿದು ಬಾಯಿಯ ಮಾಡಿಫೈಡ್. ಕ್ವೇಲ್ ಕಾಲಬುಡದಿಂದಲೇ ಏಳುವ ಹಕ್ಕಿ, ಅದಕ್ಕೆ ಅಗಲ ಬಾಯಿಯ ಇಂಪ್ರೂವ್ಡ್ ಸಿಲಿಂಡರ್, ಎಂಟನೇ ನಂಬರಿನ ಚರೆ. ಮುಕ್ಕಾಲು ಗಂಟೆ ಮಾತಾಡಿದ್ದೇನೆ ಎಂದು ಸುಶೀಲಾ ಆಮೇಲೆ ಹೇಳಿದಳು. ಇಶಾ ಪೂರ್ತಿ ಕೇಳಿದಳು. ಫೋನ್ ಮುಟ್ಟಲಿಲ್ಲ.

ಹಂಟರ್ ಎಜುಕೇಶನ್ ಆನ್‌ಲೈನ್ ಮುಗಿಸಿದ್ದಾಳೆ. ನನಗಿಂತ ಹೆಚ್ಚು ಮಾರ್ಕ್ಸ್.

ಅಕ್ಟೋಬರ್ 7

ರೇಂಜ್. ಮಣ್ಣಿನ ತಟ್ಟೆ ಹಾರಿಸಿ ಹೊಡೆಯುವುದು. ಕೋವಿಯನ್ನು ನಾನೇ ಅವಳ ಬಲಭುಜಕ್ಕೆ ಕೂರಿಸಿ, ಕೆನ್ನೆ ಒತ್ತಿ ಹಿಡಿಯಲು ಹೇಳಿದೆ. ಹೆದರಲಿಲ್ಲ. ನಳಿಗೆ ಯಾರ ಕಡೆಗೂ ತಿರುಗಿಸಲಿಲ್ಲ. ಆದರೆ ಒಂದೂ ಒಡೆಯಲಿಲ್ಲ. ಎಲ್ಲವೂ ಎಡಕ್ಕೆ.

ಫಸ್ಟ್ ಡೇ. ಪರವಾಗಿಲ್ಲ.

ಅಕ್ಟೋಬರ್ 14

ಮತ್ತೆ ಎಡಕ್ಕೆ. ಚೋಕ್ ಬದಲಾಯಿಸಿದೆ, ಸ್ಕೀಟ್ ಹಾಕಿದೆ, ಇನ್ನೂ ಅಗಲ ಹರಡುತ್ತದೆ. ಮೊದಲು ನಾನೇ ಕಾಗದದ ಮೇಲೆ ಹೊಡೆದು ನೋಡಿದೆ, ಚರೆ ಸಮನಾಗಿ ಬಿದ್ದಿದೆ, ಕೋವಿಯದು ತಪ್ಪಿಲ್ಲ. ಅವಳು ಹೊಡೆದರೆ ತಟ್ಟೆ ಹಾಗೇ ಹೋಗಿ ಹುಲ್ಲಿನಲ್ಲಿ ಇಳಿಯುತ್ತದೆ. ಕೊನೆಗೆ ಪೂರ್ತಿ ಬಾಯ್ತೆರೆದ ಸಿಲಿಂಡರ್. ಅದೂ ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಮಾಷೆ ಮಾಡಿದೆ. ಅರ್ಥ ಕೇಳಿದಳು, ಹೇಳಿದೆ. ನಗಲಿಲ್ಲ. ಹೇಳಬಾರದಿತ್ತು.

ವಾಪಸ್ ಬರುವಾಗ ಇಯರ್‌ಫೋನ್ ಹಾಕಿಕೊಂಡಳು.

ಅಕ್ಟೋಬರ್ 23, ಆಯುಧಪೂಜೆ

ಎರಡು ಕಾರು, ಸುಶೀಲಾಳ ಲ್ಯಾಪ್‌ಟಾಪ್, ಮಿಕ್ಸಿ, ನನ್ನ ಕೋವಿ, ಇಶಾಳ ಕೋವಿ. ದೇವರ ಮುಂದೆ ಗನ್ ಇಡುವುದಾ ಎಂದು ಸುಶೀಲಾ ಮುಖ ಸಿಂಡರಿಸಿದಳು. ಮಿಕ್ಸಿಗಿಂತ ಇದೇ ಅಸಲಿ ಆಯುಧ ಅಂದೆ. ಇಶಾ ತನ್ನದಕ್ಕೆ ತಾನೇ ಕುಂಕುಮ ಹಚ್ಚಿದಳು, ಬಲಗೈ ಉಂಗುರ ಬೆರಳಿಂದ, ಅಚ್ಚುಕಟ್ಟಾಗಿ. ಫೋಟೊ ತೆಗೆದು ಅಪ್ಪನಿಗೆ ಕಳಿಸಿದಳು. ಅವನೇನಂದ ಎಂದು ನಾನು ಕೇಳಲಿಲ್ಲ.

ನವೆಂಬರ್ 4, ಸಂಜೆ

ಪ್ರಿಸರ್ವ್‌ಗೆ ಹೋಗಿ ಬಂದೆವು. ಗೈಡ್, ಬಿಸ್ಕಿಟ್ ಎಂಬ ಹೆಸರಿನ ಅವನ ನಾಯಿ, ನಾವಿಬ್ಬರು. ಒಣಹುಲ್ಲಿನಲ್ಲಿ ಬಿಸ್ಕಿಟ್ ಒಂದು ಕಾಲೆತ್ತಿ ಕಲ್ಲಿನಂತೆ ನಿಂತಿತು. ಹಕ್ಕಿಗಳು ಬರ್ರೆಂದು ಎದ್ದವು. ಇಶಾ ಹೊಡೆದಳು, ಇಲ್ಲ. ಇನ್ನೊಮ್ಮೆ, ಇಲ್ಲ. ಮಧ್ಯಾಹ್ನದವರೆಗೂ ಹಾಗೆಯೇ. ಚೆನ್ನಾಗಿ ಪ್ರಯತ್ನ ಮಾಡಿದೆ ಎಂದು ಗೈಡ್ ಅವಳಿಗೆ ಹೇಳಿದ. ಆ ಮಾತು ಕೇಳಿ ಅವಳಿಗಿಂತ ಹೆಚ್ಚು ನನಗೇ ನೋವಾಯಿತು.

ಕೋವಿಗಳನ್ನು ಟ್ರಕ್ಕಿನಲ್ಲಿ ಇಟ್ಟ ಮೇಲೆ ಬಿಸ್ಕಿಟ್ ಒಂದು ಟೆನಿಸ್ ಬಾಲ್ ಕಚ್ಚಿ ತಂದು ಇಶಾಳ ಕಾಲ ಮೇಲೆ ಹಾಕಿತು. ಎತ್ತಿ ಎಸೆದಳು. ಬೇಲಿ ದಾಟಿ ಹೋಯಿತು. ಎಡಗೈ.

ನಾಯಿ ಬಾಲ್ ತಂದಿತು. ಮತ್ತೆ ಎಸಿ ಅಂದೆ. ಮತ್ತೂ ಎಡಗೈ.

“ನೀನು ಎಡಚಿಯಾ?”

“ಐ ಡೋಂಟ್ ನೋ ದಟ್ ವರ್ಡ್.”

“ಲೆಫ್ಟ್ ಹ್ಯಾಂಡೆಡ್.”

“ಯಾ. ಆಲ್ವೇಸ್.”

“ಮತ್ತೆ ಊಟ?”

“ಊಟ ಬಲಗೈಲೇ. ಅಮ್ಮಮ್ಮ ವುಡ್ ಕಿಲ್ ಮಿ.”

ಮೊದಲೇ ಹೇಳಬಾರದಿತ್ತೇ ಎಂದೆ. ಸ್ವಲ್ಪ ಜೋರಾಗಿಯೇ ಬಂತು ಮಾತು. ಗೈಡ್ ಆ ಕಡೆ ತಿರುಗಿದ. ಇಶಾ ಬಾಲ್ ಒರೆಸುತ್ತ ನಿಂತಳು.

“ನೀವು ಅಷ್ಟು ರಿಸರ್ಚ್ ಮಾಡಿದ್ರಿ. ಚೋಕ್ ಎಲ್ಲಾ. ಐ ಥಾಟ್ ಮೇಬಿ ಕೈ ಡಸಂಟ್ ಮ್ಯಾಟರ್.”

ನವೆಂಬರ್ 5

ಸುಶೀಲಾ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, ನಿಜವಾಗಿಯೂ ಗೊತ್ತಿರಲಿಲ್ವಾ ಎಂದು ಕೇಳಿದಳು. ಆ ಪ್ರಶ್ನೆಗಿಂತ ನಗುವೇ ವಾಸಿಯಿತ್ತು.

ಕಾಫಿ ಹಿಡಿದು ಬಹಳ ಹೊತ್ತು ಯೋಚಿಸಿದೆ. ಕೋವಿ ಬಲಭುಜದಲ್ಲಿ, ಗುರಿ ಹಿಡಿಯುತ್ತಿದ್ದದ್ದು ಎಡಗಣ್ಣು, ಎಲ್ಲ ಎಡಕ್ಕೇ ಹೋಗಿದ್ದು ಅದಕ್ಕೆ. ಅವಳ ಕೈಯನ್ನು ನಾನು ನೋಡಿರುವುದು ಎರಡೇ ಕಡೆ. ತಟ್ಟೆಯ ಮುಂದೆ, ದೇವರ ಮುಂದೆ. ನಮ್ಮವರಲ್ಲಿ ಎರಡೂ ಕಡೆ ಎಡಗೈ ಮಡಿಲಲ್ಲೇ ಇರಬೇಕು. ಬರೆಯುವುದು, ಚಿತ್ರ ಮಾಡುವುದು, ತಲೆ ಬಾಚುವುದು ಎಲ್ಲ ಆ ಮುಚ್ಚಿದ ಬಾಗಿಲ ಹಿಂದೆ. ತೆರೆದಿದ್ದಾಗಲೂ ನಾನು ಇಣುಕಿದವನಲ್ಲ, ಅದೇ ಮರ್ಯಾದೆ ಅಂದುಕೊಂಡಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಐದು ಚೋಕಿನಲ್ಲಿ ಹುಡುಕಿದೆ.

ನಾಚಿಕೆಯಾಗುತ್ತಿದೆ. ಸಿಟ್ಟೂ ಇದೆ, ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ.

ನವೆಂಬರ್ 11

ರೇಂಜ್. ಎಡಭುಜಕ್ಕೆ ಕೂರಿಸಿ ನೋಡು ಅಂದೆ, ಅಷ್ಟೇ. ಬೇರೇನೂ ಹೇಳಲಿಲ್ಲ. ಮೊದಲನೇ ತಟ್ಟೆ ಪುಡಿಪುಡಿ. ಎರಡನೆಯದೂ. ನಾನು ತುಳುವಿನಲ್ಲಿ ಕೂಗಿಬಿಟ್ಟೆ. ಪಕ್ಕದಲ್ಲಿ ತಟ್ಟೆ ಹೊಡೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಏನಂದಿರಿ ಎಂದು ಇಶಾ ಪಟ್ಟು ಹಿಡಿದು ಕೇಳಿದಳು. ಹೇಳುವಂಥದ್ದಲ್ಲ. ಬಾಯಿಬಿಟ್ಟು ನಕ್ಕಳು. ಇಷ್ಟು ದಿನಕ್ಕೆ ಅವಳ ನಗು ಕೇಳಿದೆ, ದೊಡ್ಡ ನಗು.

ಆದರೆ ಇದು ಬಲಗೈಯವರ ಕೋವಿ. ಖಾಲಿ ತೋಟೆ ಬಲಕ್ಕೆ ಹಾರುವಾಗ ಅವಳ ಮೂಗಿನ ಮುಂದೆಯೇ ಹೋಗುತ್ತದೆ. ಇಟ್ಸ್ ಫೈನ್ ಅಂದಳು. ಫೈನ್ ಅಲ್ಲ. ಕಣ್ಣಿನ ವಿಷಯ.

ಅವಳನ್ನು ಮನೆಗೆ ಬಿಟ್ಟು ಅಂಗಡಿಗೆ ಹೋದೆ. ಇದೇ ಅಳತೆಯಲ್ಲಿ ಎಡಕ್ಕೆ ಉಗುಳುವುದು ಇದೆಯಂತೆ, ಬರುವುದು ಮಾರ್ಚ್‌ಗೆ. ಬುಕ್ ಮಾಡಲಾ ಎಂದು ಅಂಗಡಿಯವನು ಕೇಳಿದ. ಕಾರಿನಲ್ಲಿ ಕೂತು ಸುಶೀಲಾಗೆ ಫೋನ್ ಮಾಡಿದೆ.

“ಮಾರ್ಚ್‌ಗೆ ಅವಳು ಇಲ್ಲಿರ್ತಾಳೋ ಇಲ್ವೋ, ಯತೀಶ್.”

ಗೊತ್ತು ಅಂದೆ. ಒಳಗೆ ಹೋಗಿ ಬುಕ್ ಮಾಡಿದೆ. ಇಶಾಗೆ ಹೇಳುವಂತಿಲ್ಲ. ಹೇಳಿದರೆ ಲಂಚ ಕೊಟ್ಟ ಹಾಗೆ.

ನವೆಂಬರ್ 22

ಥ್ಯಾಂಕ್ಸ್‌ಗಿವಿಂಗ್‌ಗೆ ಇಶಾ ಅಪ್ಪನಲ್ಲಿಗೆ, ಅಟ್ಲಾಂಟಾ ಫ್ಲೈಟ್. ಡಲಸ್ ಏರ್‌ಪೋರ್ಟಿಗೆ ನಾನೇ ಬಿಟ್ಟೆ. ಬ್ಯಾಗ್ ಎತ್ತಿಕೊಂಡು ಹೋದಳು. ಎಡಗೈಯಲ್ಲಿ. ಈಗ ಎಲ್ಲದರಲ್ಲೂ ಅದೇ ಕಾಣುತ್ತದೆ — ಬಾಗಿಲು, ಝಿಪ್ಪು, ಟಾಟಾ ಮಾಡುವುದು.

ನವೆಂಬರ್ 26

ಬಂದಳು. ಅಲ್ಲಿ ಎಲ್ಲ ಚೆನ್ನಾಗಿತ್ತಂತೆ. ಅಷ್ಟೇ ಹೇಳಿದ್ದು. ಸುಶೀಲಾ ಎರಡು ಸಲ ಮೆಟ್ಟಿಲು ಹತ್ತಿ, ಬಾಗಿಲು ಬಡಿಯದೆ ಇಳಿದು ಬಂದಳು.

ಡಿಸೆಂಬರ್ 17, ಭಾನುವಾರ. ಸಂಜೆ

ಸುಶೀಲಾಗೆ ಡ್ಯೂಟಿ. ಧನುರ್ಮಾಸದ ಪೂಜೆಗೆ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ನಾನೂ ಇಶಾಳೂ ಇಬ್ಬರೇ ಹೋದೆವು. ಮಳೆ. ವಾಪಸ್ ಬರುವಾಗ ಬೆಲ್ಟ್‌ವೇ ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತುಬಿಟ್ಟಿತು. ಆಗ ಹೇಳಿದಳು. ಹೋಗುತ್ತಾಳೆ. ಜನವರಿಯಲ್ಲಿ.

ನನ್ನ ಬಾಯಿಂದ ಮೊದಲು ಬಂದ ಮಾತು ಬರೆಯಲೇ ಬೇಸರ. “ನಿಂಗೆ ಲೆಫ್ಟ್ ಹ್ಯಾಂಡ್ ಗನ್ ಆರ್ಡರ್ ಮಾಡಿದ್ದೆ. ಹಾಗಾದ್ರೆ ಕ್ಯಾನ್ಸಲ್ ಮಾಡ್ತೀನಿ.” ಐವತ್ತು ದಾಟಿದ ಡಾಕ್ಟರ್ ಆಡುವ ಮಾತೇ ಇದು? ಓಕೆ, ಇಟ್ಸ್ ಫೈನ್ ಎಂದು ಕಿಟಕಿಯ ಕಡೆ ತಿರುಗಿದಳು. ಆಮೇಲೆ ಸಾರಿ ಅಂದೆ. ಕ್ಯಾನ್ಸಲ್ ಮಾಡುವುದಿಲ್ಲ ಅಂದೆ. ಇಲ್ಲಿ ಏನು ಕಡಿಮೆಯಾಯಿತು ಎಂದು ಕೇಳಬಾರದು ಅಂದುಕೊಂಡಿದ್ದನ್ನೂ ಕೇಳಿದೆ.

“ನಥಿಂಗ್. ಇಲ್ಲಿ ಚೆನ್ನಾಗಿದೆ. ಡ್ಯಾಡ್ ಅಲ್ಲಿ ಒಬ್ರೇ ಇದಾರೆ. ಅಮ್ಮಂಗೆ ನೀವಿದ್ದೀರಲ್ಲ.”

ಹೋದ ವರ್ಷವಾಗಿದ್ದರೆ ಹೋಗುತ್ತಿರಲಿಲ್ಲವಂತೆ. ಆಗ ಅಮ್ಮನನ್ನು ನನ್ನ ಜೊತೆ ಬಿಟ್ಟು ಹೋಗಲು ಅವಳಿಗೆ ಧೈರ್ಯವಿರಲಿಲ್ಲ. ಹಾಗಂತ ನೇರವಾಗಿಯೇ ಹೇಳಿದಳು. ಈಗ ಧೈರ್ಯ ಬಂದಿದೆ. ಖುಷಿಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ವೈಪರ್ ಜೋರು ಮಾಡಿದೆ.

ಟೈಸನ್ಸ್ ದಾಟಿದ ಮೇಲೆ ಕೇಳಿದಳು, ಅಮ್ಮನಿಗೆ ಇವತ್ತೇ ಹೇಳಬೇಕು, ನೀವೂ ರೂಮಿನಲ್ಲಿ ಇರುತ್ತೀರಾ ಎಂದು. ಇರ್ತೀನಿ ಅಂದೆ. ಅಮ್ಮ ಅತ್ತರೆ ಏನು ಮಾಡುತ್ತೀರಿ ಎಂದಳು. ಗೊತ್ತಿಲ್ಲ ಅಂದೆ.

ಅವಳು ಹೋಗುವುದು ನನಗೆ ಬೇಡ. ಇದನ್ನು ಅವಳಿಗೂ ಹೇಳಿದೆ, ಗರಾಜಿಗೆ ಕಾರು ತಂದು ಎಂಜಿನ್ ಆಫ್ ಮಾಡಿದ ಮೇಲೆ. ‘ಐ ನೋ’ ಅಂದಳು. ಎಡಗೈಯಲ್ಲಿ ಸೀಟ್ ಬೆಲ್ಟ್ ಬಿಚ್ಚಿದಳು.

ಈಗ ಸುಶೀಲಾಳ ಕಾರು ಡ್ರೈವ್‌ವೇಗೆ ಬಂತು. ಇಶಾ ಮೆಟ್ಟಿಲ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಾಳೆ. ಬಾಗಿಲು ತೆಗೆದ ಸದ್ದು. ಹೋಗಬೇಕು. ಮೊದಲು ಸುಶೀಲಾಗೆ ಕೋಟು ತೆಗೆದು ಕೂರಲು ಹೇಳಿ, ಟೀ ಕೊಟ್ಟು, ಆಮೇಲೆ ನಾನು ಇಶಾಳ ಪಕ್ಕದಲ್ಲಿ ಕೂತು, ಅವಳೇ ಹೇಳಲು ಬಿಟ್ಟು —