ಐದೂವರೆಯ ದೋಣಿಗೆ ಅರವತ್ತು ಜನ

ಜನವರಿ 8, ಸೋಮವಾರ. ಬೆಳಗ್ಗೆ 5.50, ದೋಣಿಯಲ್ಲಿ

ಅದೇ ಬೆಂಚು, ಕಿಟಕಿ ಪಕ್ಕ. ಫ್ಲಾಸ್ಕಿನಲ್ಲಿ ಕಾಫಿ. ಒಳಗೆ ಒಂಬತ್ತು ಜನ — ಮೀನಿನ ಪೆಟ್ಟಿಗೆಯವರಿಬ್ಬರು, ಡಯಾಲಿಸಿಸ್‌ಗೆ ಹೋಗುವ ವಿಂಕೊ, ಉಳಿದವರು ಗೊರಕೆ. ದ್ವೀಪದಿಂದ ಆಚೆ ದಡಕ್ಕೆ ಐವತ್ತು ನಿಮಿಷ. ಈ ಪುಸ್ತಕಕ್ಕೆ ಸಿಗುವುದು ಇಷ್ಟೇ ಹೊತ್ತು.

ಏಳಕ್ಕೆ ಪಾಳಿ. ಸೋಮವಾರ ಎಂದರೆ ಆಸ್ಪತ್ರೆ ಲಾಂಡ್ರಿಯಲ್ಲಿ ಬೆಡ್‌ಶೀಟಿನ ಗುಡ್ಡ. ದೂರಿಲ್ಲ. ಹೋಟೆಲಿನ ಬೆಡ್‌ಶೀಟಿಗೆ ಸನ್‌ಕ್ರೀಮಿನ ಕಲೆ, ತಲೆಕೆಳಗಾದರೂ ಹೋಗುವುದಿಲ್ಲ. ಆಸ್ಪತ್ರೆಯದಕ್ಕೆ ರಕ್ತ, ತಣ್ಣೀರಿನಲ್ಲಿ ಹೋಗುತ್ತದೆ.

ನಿಕ್ಷಾನ ಹೋಟೆಲಿನಲ್ಲಿ ಇಪ್ಪತ್ತೆಂಟು ಬೇಸಿಗೆ ಒಗೆದೆ. ಏಪ್ರಿಲಿನಿಂದ ಅಕ್ಟೋಬರ್. ಆಮೇಲೆ ಐದು ತಿಂಗಳು ನಿರುದ್ಯೋಗಿಗಳ ಸಾಲು, ಬ್ಲಿತ್ವಾ ಸೊಪ್ಪು, ಆಲೂಗಡ್ಡೆ. ಈಗ ನವೆಂಬರಿನಿಂದ ಹನ್ನೆರಡು ತಿಂಗಳ ಕೆಲಸ. ಕಾಯಂ. ಐವತ್ಮೂರನೇ ವಯಸ್ಸಿಗೆ! ಆರ್ಡರ್ ಕೈಗೆ ಬಂದ ದಿನ ಶೌಚಾಲಯಕ್ಕೆ ಹೋಗಿ ಅತ್ತು ಬಂದೆ. ಯಾರಿಗೂ ಹೇಳಿಲ್ಲ.

ಜನವರಿ 17. ರಾತ್ರಿ ಊಟಕ್ಕೆ ಮುಂಚೆ

ಮುದುಕ ಯೆರ್ಕೊ ಹೋದ. ರಜೆ ಹಾಕಿದೆ.

ಬೆಳಗ್ಗೆ ಚರ್ಚಿನ ಗಂಟೆ — ಮೂರು ಪೆಟ್ಟು, ನಿಲುಗಡೆ, ಮತ್ತೆ ಮೂರು. ಗಂಡಸು ಎಂದರ್ಥ. ಹೆಂಗಸಾದರೆ ಎರಡು. ಹೊಡೆಯುವವಳು ಎದುರು ಮನೆಯ ಲುಕ್ರಾ ದೊಡ್ಡಮ್ಮ, ಎಂಬತ್ನಾಲ್ಕು ವರ್ಷ. ಗಂಟೆ ಕೇಳಿದರೆ ಕಾಲಿರುವವರೆಲ್ಲ ಚೌಕಕ್ಕೆ ಬರಬೇಕು. ಒಲೆ ಮೇಲೆ ಏನಿದ್ದರೂ ಇಳಿಸಿ ಬರಬೇಕು. ಯಾರು ಸತ್ತರೆಂದು ದಾರಿಯಲ್ಲಿ ಕೇಳಬಾರದು, ಚೌಕದಲ್ಲೇ ಕೇಳಬೇಕು. ಅಜ್ಜನ ಕಾಲದಿಂದ ಹೀಗೇ.

ಬಂದೆವು. ನಿಂತೆವು. ಆಗ ಗೊತ್ತಾಯಿತು — ಶವಪೆಟ್ಟಿಗೆ ಹೊರಲು ಆರು ಜನ ಬೇಕು, ಸ್ಮಶಾನಕ್ಕೆ ನೂರಹನ್ನೆರಡು ಮೆಟ್ಟಿಲು, ಬೆನ್ನು ನೆಟ್ಟಗಿರುವ ಗಂಡಸರು ಇಬ್ಬರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾಚಿಕೆಯಾಯಿತು, ನಿಜ ಹೇಳುತ್ತೇನೆ.

ಅಷ್ಟರಲ್ಲಿ ಮೇಲಿನ ಹಾದಿಯಿಂದ ನೇಪಾಳದವರು ಓಡಿ ಬಂದರು. ಆರು ಜನ. ನಿಕ್ಷಾನ ಹೋಟೆಲಿನಲ್ಲಿ ಚಳಿಗಾಲದ ರಿಪೇರಿ ಅವರದೇ. ಕಳೆದ ವರ್ಷದ ಮಾರ್ಚಿನಿಂದ ಇಲ್ಲೇ ಇದ್ದಾರೆ, ಅವನ ನೆಲಮಾಳಿಗೆಯಲ್ಲಿ. ಬೆಂಕಿ ಬಿದ್ದಿದೆ ಎಂದುಕೊಂಡು ಬಕೆಟ್ ಹಿಡಿದು ಬಂದಿದ್ದರು. ಸುಂತಲಿ — ಗುಂಪಿನಲ್ಲಿ ಅವಳೊಬ್ಬಳೇ ಹೆಂಗಸು — ನನ್ನ ಮುಖ ನೋಡಿದಳು, ಗಂಡ ಧನಬಹಾದೂರನಿಗೆ ಏನೋ ಹೇಳಿದಳು. ನಾಲ್ವರು ಬಕೆಟ್ ಕೆಳಗಿಟ್ಟು ಪೆಟ್ಟಿಗೆಗೆ ಹೆಗಲು ಕೊಟ್ಟರು.

ದೊಡ್ಡಮ್ಮ ಎಲ್ಲರಿಗೂ ಅಂಜೂರದ ಸಾರಾಯಿ ಹಂಚಿದಳು, ಅವರಿಗೂ. "ಗಂಟೆ ಕೇಳಿ ಬಂದ್ರಲ್ಲ, ಸಾಕು," ಎಂದಳು. "ಅವರನ್ನ ಇನ್ಮೇಲೆ ಹೊರಗಿನೋರು ಅಂದ್ರೆ ನನ್ನ ಹತ್ರ ಬರಬೇಡಿ."

ಜನವರಿ 22. 5.45, ದೋಣಿ

ದೋಣಿ ನಿಲ್ಲುವ ದಕ್ಕೆಯ ಹಲಗೆ ಮೇಲೆ ದೋಣಿ ಕಂಪನಿಯ ಕಾಗದ. ಟಾರ್ಚ್ ಹಾಕಿ ಓದಿದೆ. ಎರಡು ಸಲ ಓದಿದೆ.

ಚಳಿಗಾಲದಲ್ಲಿ ದ್ವೀಪದಲ್ಲಿ ವಾಸವಿರುವವರು ಅರವತ್ತಕ್ಕಿಂತ ಕಡಿಮೆಯಾದರೆ ಮಾರ್ಚ್ ಒಂದರಿಂದ ಐದೂವರೆಯ ದೋಣಿ ರದ್ದು. ವಾರಕ್ಕೆರಡೇ ಸಲ, ಮಧ್ಯಾಹ್ನ. ಫೆಬ್ರವರಿ 3ಕ್ಕೆ ಅಧಿಕಾರಿ ಬಂದು ಎಣಿಸುತ್ತಾರೆ.

ಮಧ್ಯಾಹ್ನದ ದೋಣಿ ಹಿಡಿದು ಏಳು ಗಂಟೆಯ ಪಾಳಿಗೆ ಹೋಗುವುದು ಹೇಗೆ? ಅಂದರೆ ಆಚೆ ದಡದಲ್ಲಿ ಬಾಡಿಗೆ ಕೋಣೆ, ಅರ್ಧ ಸಂಬಳ ಅದಕ್ಕೆ. ಇಲ್ಲವೇ ಕೆಲಸ ಬಿಟ್ಟು ಮತ್ತೆ ನಿಕ್ಷಾನ ಸನ್‌ಕ್ರೀಮ್. ಎಲ್ಲರೂ ಹೋದದ್ದು ಹೀಗೆಯೇ. ನಾನು ಶಾಲೆಗೆ ಹೋಗುವಾಗ ಏಳುನೂರು ಜನ. ಆ ಶಾಲೆ ಈಗ ನಿಕ್ಷಾನ ಅಪಾರ್ಟ್‌ಮೆಂಟು. ಒಂದನೇ ಕ್ಲಾಸಿನಲ್ಲಿ ಬಿಸಿನೀರಿನ ತೊಟ್ಟಿ, ಜರ್ಮನಿಯವರು ಕೂತಿರುತ್ತಾರೆ. ಆಗಸ್ಟಿನಲ್ಲಿ ನಾಲ್ಕು ಸಾವಿರ ತಲೆ. ಜನವರಿಯಲ್ಲಿ ಮುಚ್ಚಿದ ಕಿಟಕಿಗಳು.

ನನ್ನ ಗಂಡನೂ ಹೋದ, ಸಂಜೆಯ ದೋಣಿಗೆ. ಬೆಳಗಿನದಕ್ಕೆ ಅವನೆಂದೂ ಎದ್ದವನಲ್ಲ.

ನಾನು ಹೋಗುವುದಿಲ್ಲ. ಕೆಲಸವನ್ನೂ ಬಿಡುವುದಿಲ್ಲ. ಬರೆದಿಟ್ಟಿದ್ದೇನೆ.

ಜನವರಿ 24. ಸಂಜೆ

ಕಾಫಿ ಅಂಗಡಿಯಲ್ಲಿ ಸಭೆ. ನಿಕ್ಷಾ ದ್ವೀಪ ಸಮಿತಿಯ ಅಧ್ಯಕ್ಷನೂ ಹೌದು. ಒಂದನೇ ಕ್ಲಾಸಿನಿಂದ ನನ್ನ ಜೊತೆ ಓದಿದವನು. ಆಗಲೂ ಹೋಂವರ್ಕ್ ನನ್ನದೇ ನೋಡಿ ಬರೆಯುತ್ತಿದ್ದ.

ಬರುವ ಮುಂಚೆ ಹೊಗೆ ಬರುವ ಚಿಮಣಿ, ಬಟ್ಟೆ ಒಣಗುವ ಹಗ್ಗ, ಕಸದ ಚೀಲ ನೋಡುತ್ತ ಊರೆಲ್ಲ ಸುತ್ತಿ ಜನ ಎಣಿಸಿದ್ದೆ. ಐವತ್ನಾಲ್ಕು. ಯೆರ್ಕೊ ಇದ್ದಿದ್ದರೆ ಐವತ್ತೈದು.

"ಐವತ್ನಾಲ್ಕು ಯಾವ ಲೆಕ್ಕ ಮಾರಾಯ್ತಿ," ಎಂದ ನಿಕ್ಷಾ. "ಪಟ್ಟೀಲಿ ನೂರ ನಲವತ್ಮೂರು ಜನ ಇದಾರೆ."

ಇದ್ದಾರೆ, ಪಟ್ಟಿಯಲ್ಲಿ. ದ್ವೀಪದ ಕಾರ್ಡಿದ್ದರೆ ದೋಣಿ ಟಿಕೆಟ್ ಅಗ್ಗ, ತೆರಿಗೆ ಕಡಿಮೆ. ನಗರದಲ್ಲಿದ್ದುಕೊಂಡೇ ಕಾರ್ಡ್ ಮಾಡಿಸಿಕೊಂಡವರು. ಅವರನ್ನೆಲ್ಲ ಶುಕ್ರವಾರವೇ ಕರೆಸಿ, ಹೋಟೆಲಿನಲ್ಲಿ ಮಲಗಿಸಿ, ಕುರಿ ಸುಟ್ಟು ಹಾಕಿ, ಶನಿವಾರ ಅಧಿಕಾರಿಯ ಮುಂದೆ ನಿಲ್ಲಿಸುವುದಂತೆ.

"ನೇಪಾಳದವರು ಆರು ಜನ," ಎಂದೆ. "ಸೇರಿಸಿದ್ರೆ ಅರವತ್ತು. ಕುರಿ ಸುಡೋದೇ ಬೇಡ."

"ಅವರು ಕೆಲಸದೋರು ಕಣೇ. ಊರೋರಲ್ಲ."

"ನಾನೂ ಕೆಲಸದೋಳೇ."

"ಅವರ ವಿಳಾಸ ಎಲ್ಲೂ ಬರೆಸಿಲ್ಲ." ದನಿ ತಗ್ಗಿಸಿದ. "ನೆಲಮಾಳಿಗೇಲಿ ಮಲಗಿಸ್ತೀನಿ ಅಂತ ಗೊತ್ತಾದ್ರೆ ನನ್ನ ಲೈಸೆನ್ಸಿಗೇ ಸಂಚಕಾರ. ಆ ಎರಡು ದಿನ ಆಚೆ ದಡಕ್ಕೆ ಕಳಿಸ್ತೀನಿ. ನಿನಗೆ ದೋಣಿ ಬೇಕೋ ಬೇಡ್ವೋ?"

ಬೇಕು. ಬಾಯಿ ಮುಚ್ಚಿಕೊಂಡೆ. ಮನೆಗೆ ಬಂದು ಉಪ್ಪು ಮೀನು ಅರ್ಧ ತಿಂದು ಮುಚ್ಚಿಟ್ಟೆ.

ಫೆಬ್ರವರಿ 2, ಶುಕ್ರವಾರ. ಸಂಜೆ

ಬಂದರಪ್ಪ ನಮ್ಮ 'ನಿವಾಸಿಗಳು'. ಎಂಬತ್ತೊಂಬತ್ತು ಜನ. ಚಕ್ರದ ಸೂಟ್‌ಕೇಸ್, ಒಂದು ನಾಯಿಗೆ ಕೋಟು. ಒಬ್ಬ ನನ್ನನ್ನೇ ಕೇಳಿದ, "ಇಲ್ಲಿ ಅಂಗಡಿ ಎಲ್ಲಿದೆ?" ಕಾರ್ಡಿನ ಪ್ರಕಾರ ಹನ್ನೊಂದು ವರ್ಷದಿಂದ ಇಲ್ಲೇ ಇದ್ದಾನೆ.

ಅದೇ ದೋಣಿಗೆ ಹತ್ತಲು ನೇಪಾಳದವರು ದಕ್ಕೆಯಲ್ಲಿ ಕಾಯುತ್ತಿದ್ದರು. ಚಳಿಗಾಲದ ಬೂರಾ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಸುಂತಲಿಯ ಕೈಯಲ್ಲಿ ಪ್ರೆಶರ್ ಕುಕ್ಕರ್.

"ಅಕ್ಕ, ನಾವು ಯಾಕೆ ಹೋಗ್ಬೇಕು?"

"ಎರಡೇ ದಿನ."

"ಅವರು ಯಾಕೆ ಬಂದ್ರು, ನಾವು ಯಾಕೆ ಹೋಗ್ಬೇಕು?"

ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. ಹದಿನೈದು ದಿನದ ಹಿಂದೆ ಇವರ ಹೆಗಲ ಮೇಲೆ ಯೆರ್ಕೊ ಮಲಗಿದ್ದ. ದೋಣಿಯ ಹಗ್ಗ ಬಿಚ್ಚುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು — ನಿಕ್ಷಾನ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಕುಕ್ಕರ್ ಕಿತ್ತುಕೊಂಡೆ. "ನಡೀರಿ ಮನೆಗೆ," ಎಂದೆ.

ಈಗ ಆರೂ ಜನ ನನ್ನ ಅಡುಗೆಮನೆಯಲ್ಲಿ. ಕುಕ್ಕರ್ ಕೂಗುತ್ತಿದೆ. ಬಚ್ಚಲು ಒಂದೇ. ನಾಳೆ ಏನಾಗುತ್ತದೋ. ಹೆದರಿಕೆ ಇದೆ. ಇರಲಿ.

ಫೆಬ್ರವರಿ 3. ಸಂಜೆ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಅಧಿಕಾರಿ ಮಿರ್ಯಾನಾ ಮೇಡಂ. ಸಣ್ಣ ಆಳು, ಕೈಯಲ್ಲಿ ಟ್ಯಾಬ್ಲೆಟ್, ನೆಗಡಿ. ಹೋಟೆಲಿನ ಹಾಲ್‌ನಲ್ಲಿ ಕಾರ್ಡುಗಳನ್ನೆಲ್ಲ ನೋಡಿದಳು. ನೂರ ನಲವತ್ಮೂರು. ನಿಕ್ಷಾ ಕುರಿಯ ತೊಡೆ ತಂದಿಟ್ಟ. ಆಕೆ ಮುಟ್ಟಲಿಲ್ಲ.

"ಜನವರಿಯಲ್ಲಿ ಕರೆಂಟ್ ಉರಿದದ್ದು ಮೂವತ್ತೊಂದು ಮನೇಲಿ," ಎಂದಳು. "ಉಳಿದೋರು ಕತ್ತಲಲ್ಲಿ ಕೂತಿದ್ರಾ?"

ನಾಯಿಗೆ ಕೋಟು ತೊಡಿಸಿದ್ದವಳು ಛಾವಣಿ ನೋಡಿದಳು.

"ಪಟ್ಟಿ ಸುಳ್ಳು ಅಂತ ಬರೀತೀನಿ. ಎರಡು ಗಂಟೆ ದೋಣಿಗೆ ಹೊರಡ್ತೀನಿ."

ಮುಗಿಯಿತಲ್ಲ! ನಿಕ್ಷಾ ಶೂ ನೋಡುತ್ತ ನಿಂತ. ಅವನಿಗೇನು, ಬೇಸಿಗೆಗೆ ಅವನದೇ ಸ್ಪೀಡ್‌ಬೋಟ್ ಇದೆ. ಹೋದದ್ದು ನನ್ನ ಕೆಲಸ, ವಿಂಕೊನ ಡಯಾಲಿಸಿಸ್. ಎದ್ದು ನಿಂತೆ.

"ಮೇಡಂ, ಕಾರ್ಡ್ ಬಿಡಿ. ಜನ ತೋರಿಸ್ತೀನಿ. ಅರ್ಧ ಗಂಟೆ ಕೊಡಿ."

ಚೌಕಕ್ಕೆ ಕರೆತಂದೆ. ಗಂಟೆಯ ಪದ್ಧತಿ ಹೇಳಿದೆ. ಇಲ್ಲಿ ಬದುಕುವವರು ಬರುತ್ತಾರೆ, ಬೇರೆಯವರಿಗೆ ಗೊತ್ತೇ ಇರುವುದಿಲ್ಲ ಎಂದೆ. ಆಕೆ ಮೂಗು ಒರೆಸಿಕೊಂಡು ಗೋಡೆಗೆ ಒರಗಿದಳು, ನೋಡೇಬಿಡೋಣ ಎಂಬಂತೆ.

ಗೋಪುರದ ಬಾಗಿಲಲ್ಲಿ ಲುಕ್ರಾ ದೊಡ್ಡಮ್ಮ ಸುತರಾಂ ಒಪ್ಪಲಿಲ್ಲ. "ಯಾರೂ ಸಾಯದೆ ಹೊಡೆಯೋಕಾಗಲ್ಲ. ಪಾಪ ನನಗೆ ಸುತ್ತಿಕೊಳ್ಳತ್ತೆ. ಯಾರದು ಅಂತ ಹೊಡೀಲಿ?"

"ನಂದು ಹೊಡಿ, ದೊಡ್ಡಮ್ಮ."

ಶಿಲುಬೆ ಗುರುತು ಹಾಕಿಕೊಂಡು ಹಗ್ಗ ಹಿಡಿದಳು.

ಎರಡು ಪೆಟ್ಟು. ನಿಲುಗಡೆ. ಎರಡು ಪೆಟ್ಟು. ನನ್ನ ಸಾವಿನ ಗಂಟೆ ನಾನೇ ನಿಂತು ಕೇಳಿದೆ.

ಬಂದರು. ಕೈಯಲ್ಲಿ ಹಿಟ್ಟಿದ್ದವರು, ಮನೆ ಚಪ್ಪಲಿಯವರು, ಗಾಲಿಕುರ್ಚಿ ತಳ್ಳಿಕೊಂಡವರು, ಹಾಲ್‌ನಲ್ಲಿ ಕೂತಿದ್ದ ನಮ್ಮವರು. ವಿಂಕೊ ಗೋಡೆ ಹಿಡಿದು ಬಂದ. ನನ್ನ ಮನೆಯಿಂದ ಆರು ಜನ ಓಡಿ ಬಂದರು, ಈ ಸಲ ಬಕೆಟ್ ಇರಲಿಲ್ಲ. ಹೋಟೆಲಿನ ಬಾಲ್ಕನಿಯಲ್ಲಿ ಉಳಿದವರು ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಿದ್ದರು. ಊಟದ ಗಂಟೆಯಾ ಎಂದು ಒಬ್ಬ ಕೂಗಿ ಕೇಳಿದ.

"ಯಾರು? ಯಾರು ಹೋದ್ರು?" ಚೌಕದ ತುಂಬ ಅದೇ ಮಾತು.

"ನಾನು," ಎಂದೆ. "ಮಾರ್ಚ್ ಒಂದಕ್ಕೆ ದೋಣಿ ನಿಂತ್ರೆ ಈ ಊರಿಗೆ ನಾನು ಸತ್ತಹಾಗೆ. ಆಮೇಲೆ ವಿಂಕೊ. ಆಮೇಲೆ ನೀವು ಒಬ್ಬೊಬ್ಬರಾಗಿ. ಅದಕ್ಕೇ ಈಗಲೇ ಹೊಡೆಸಿದೆ. ಮೇಡಂ ಎಣಿಸಿಕೊಳ್ಳಲಿ."

ವಿಂಕೊನೇ ಮೊದಲು ಬಾಯಿ ಬಿಟ್ಟ: "ಸತ್ತ ಮೇಲೂ ಇವಳ ಬಾಯಿ ನಿಂತಿಲ್ಲ ನೋಡಿ."

ನಕ್ಕರು. ಬೈದರು. ಯಾರೂ ಹೋಗಲಿಲ್ಲ. ಮೇಡಂ ಒಬ್ಬೊಬ್ಬರ ಮುಂದೆ ನಿಂತು ಎಣಿಸಿದಳು. ಹಾಸಿಗೆ ಹಿಡಿದ ಇಬ್ಬರನ್ನು ಮನೆಗೇ ಹೋಗಿ ನೋಡಿದಳು. ಐವತ್ನಾಲ್ಕು. ಸುಂತಲಿಯ ಮುಂದೆ ಬಂದು ನಿಂತಳು.

"ಎಷ್ಟು ದಿನದಿಂದ ಇಲ್ಲಿದೀರಿ?"

"ಹನ್ನೊಂದು ತಿಂಗಳು, ಮೇಡಂ. ಆರೂ ಜನ."

"ವಿಳಾಸ?"

ಎಲ್ಲರೂ ನಿಕ್ಷಾನ ಕಡೆ ತಿರುಗಿದರು. ಅವನ ಕಿವಿ ಕೆಂಪಾಗಿತ್ತು.

"ನನ್ನ ಮನೆ ಬರ್ಕೊಳ್ಳಿ," ಎಂದೆ. "ಚರ್ಚ್ ಹಿಂದಿನ ಹಸಿರು ಬಾಗಿಲು. ನೆಲಮಾಳಿಗೆ ಅಲ್ಲ, ಮೇಲಿನ ಕೋಣೆ. ಸೋಮವಾರ ನಾನೇ ಕಚೇರಿಗೆ ಹೋಗಿ ಸಹಿ ಹಾಕ್ತೀನಿ."

ಬರೆದುಕೊಂಡಳು. "ಅರವತ್ತು," ಎಂದಳು. "ಅರವತ್ತು ಅಂದ್ರೆ ಅರವತ್ತಕ್ಕಿಂತ ಕಡಿಮೆ ಅಲ್ಲ. ಆದರೆ ತೀರ್ಮಾನ ನನ್ನದಲ್ಲ. ಕಾಗದ ಬರತ್ತೆ."

ಹೋಗುವಾಗ ದೊಡ್ಡಮ್ಮನ ಹತ್ತಿರ ಎರಡು ಗುಟುಕು ಸಾರಾಯಿ ಕುಡಿದಳು. ನೆಗಡಿಗಂತೆ.

ಫೆಬ್ರವರಿ 5. 5.40, ದೋಣಿ

ನಿಕ್ಷಾ ಬೆಳ್ಳಂಬೆಳಗ್ಗೆ ದಕ್ಕೆಗೆ ಬಂದಿದ್ದ, ಪೈಜಾಮದ ಮೇಲೆ ಕೋಟು.

"ಈ ಬೇಸಿಗೆಗೆ ನನ್ನ ಹೋಟೆಲಿಗೆ ಕಾಲಿಡಬೇಡ."

"ಇಡೋದಿಲ್ಲ ಅಂತ ನವೆಂಬರಲ್ಲೇ ಹೇಳಿದ್ನಲ್ಲೋ."

"ಅವರು ಆರು ಜನ ನನ್ನ ಆಳುಗಳು."

"ಹಗಲು ನಿನ್ನ ಕೆಲಸ ಮಾಡ್ತಾರೆ. ರಾತ್ರಿ ನನ್ನ ಮನೇಲಿ ಮಲಗ್ತಾರೆ. ಕೆಲಸದಿಂದ ತೆಗೆದೆ ಅಂದ್ರೆ ರಿಪೇರಿ ಯಾರ ಹತ್ರ ಮಾಡಿಸ್ತೀಯ? ಆ ನಾಯಿಗೆ ಕೋಟು ಹಾಕಿದೋಳ ಹತ್ರನಾ?"

ಕೋಟಿನ ಗುಂಡಿ ಹಾಕಿಕೊಂಡ. ಹೋದ. ಸ್ವಲ್ಪ ಪಾಪ ಅನ್ನಿಸಿತು, ಯಾಕೋ. ಚಿಕ್ಕವನಿದ್ದಾಗಲೂ ಸಿಕ್ಕಿಬಿದ್ದರೆ ಕಿವಿಯೇ ಕೆಂಪಾಗುತ್ತಿತ್ತು.

ಫೆಬ್ರವರಿ 19. ದೋಣಿ

ಎರಡು ವಾರ ಬರೆಯಲಾಗಲಿಲ್ಲ. ಏಳು ಜನಕ್ಕೆ ಒಂದು ಬಚ್ಚಲು — ಸುಂತಲಿ ಗೋಡೆಗೆ ಸಮಯದ ಪಟ್ಟಿ ಅಂಟಿಸಿದ್ದಾಳೆ, ನನಗೆ ನಾಲ್ಕೂಕಾಲು. ಬ್ಲಿತ್ವಾಕ್ಕೆ ಹಸಿಮೆಣಸು ಹಾಕುತ್ತಾಳೆ. ಮೊದಲ ದಿನ ಬೈದೆ, ಈಗ ನಾನೇ ಕೇಳುತ್ತೇನೆ.

ಕಾಗದ ಬಂದಿಲ್ಲ.

ಫೆಬ್ರವರಿ 29. ಸಂಜೆ

ಬಂದಿಲ್ಲ. ಟಪಾಲು ಬರುವುದು ಐದೂವರೆಗೆ ಹೋಗುವ ಅದೇ ದೋಣಿಯಲ್ಲಿ. ದೋಣಿ ಬರುತ್ತದೋ ಇಲ್ಲವೋ ಎಂದು ತಿಳಿಸುವ ಕಾಗದ ದೋಣಿಯಲ್ಲೇ ಬರಬೇಕು. ಯಾವ ಬುದ್ಧಿವಂತ ಯೋಚಿಸಿದನೋ.

ಕಂಪನಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸಿದರು, ಇಪ್ಪತ್ತು ನಿಮಿಷ.

ದೋಣಿ ಬಾರದಿದ್ದರೆ ನಾಳೆಯಿಂದ ದಿನಾ ಗಂಟೆ ಹೊಡೆಯುತ್ತೇನೆ, ಅರವತ್ತು ದಿನ, ದಿನಕ್ಕೊಬ್ಬರ ಹೆಸರಿನಲ್ಲಿ ಎನ್ನುತ್ತಿದ್ದಾಳೆ ದೊಡ್ಡಮ್ಮ. ಹೊಡೆಯುತ್ತಾಳೆ, ಅವಳು ಹೇಳಿದರೆ ಹೇಳಿದ್ದೇ.

ಮಾರ್ಚ್ 1, ಶುಕ್ರವಾರ. 5.10, ದಕ್ಕೆ

ಕತ್ತಲು. ಗಾಳಿ ಇಲ್ಲ. ಎಂದಿನಂತೆ ಡಬ್ಬಿ, ಫ್ಲಾಸ್ಕು, ಸಮವಸ್ತ್ರ ಇಸ್ತ್ರಿ ಮಾಡಿದ್ದು. ನಾನೊಬ್ಬಳೇ ಇರುತ್ತೇನೆ ಎಂದುಕೊಂಡಿದ್ದೆ. ದಕ್ಕೆ ತುಂಬ ಜನ. ಯಾರೂ ಗಂಟೆ ಹೊಡೆದಿಲ್ಲ, ತಾವಾಗಿಯೇ ಬಂದಿದ್ದಾರೆ. ವಿಂಕೊಗೆ ಸುಂತಲಿ ಕುರ್ಚಿ ಹಾಕಿಕೊಟ್ಟಿದ್ದಾಳೆ. ನಿಕ್ಷಾ ಕೂಡ, ದೂರದಲ್ಲಿ, ಸಿಗರೇಟು.

5.21. ಮೂಲೆಯ ಬಂಡೆ ಕಡೆಗೇ ಎಲ್ಲರ ಕಣ್ಣು. ಏನೂ ಇಲ್ಲ.

5.26. ಇಲ್ಲ. ಗೋಪುರದ ಬಾಗಿಲು ತೆರೆದ ಸದ್ದು... ದೊಡ್ಡಮ್ಮ ಹಗ್ಗದ ಹತ್ತಿರ ಹೋಗಿರಬೇಕು.

5.29. ದೀಪ. ಬಂಡೆಯ ಪಕ್ಕ. ಮೀನಿನ ದೋಣಿ ಇರಬಹುದು ಎಂದ ಯಾರೋ. ಬಾಯಿ ಮುಚ್ಚು ಎಂದೆ. ಎರಡು ದೀಪ, ಒಂದು ಹಸಿರು, ಒಂದು ಕೆಂಪು, ಮೇಲೆ ದೊಡ್ಡದೊಂದು ಬಿಳಿ — ಅದೇ, ಅದೇ, ಐದೂವರೆಯದೇ. ಹಗ್ಗ ಎಸೆಯುತ್ತಿದ್ದಾನೆ, ಹಿಡಿಯಲು ನಿಕ್ಷಾನೇ ಓಡಿದ, ಧನಬಹಾದೂರ ಅವನ ಪಕ್ಕದಲ್ಲಿ. ಹತ್ತಬೇಕು, ಪಾಳಿಗೆ ಏಳು ಗಂಟೆ. ಉಳಿದದ್ದು ಬೆಂಚಿನ ಮೇಲೆ ಕೂತು ಬರೆ—